ಓದಲು ಬಾರದ ತಾಯಿಗೂ ಓದುಕೂಟದಲ್ಲಿ ಜಾಗವಿರಲಿ

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಮಕ್ಕಳಿಗೆ ಬಾಗಿಲು ತೆರೆದಿದೆ. ಅವರ ಮನೆಯವರನ್ನು ಇನ್ನೂ ಯಾರೂ ಒಳಗೆ ಕರೆದಂತಿಲ್ಲ. ಪಾಲಕರೂ ಮಕ್ಕಳೂ ಒಟ್ಟಿಗೆ ಕೂರುವ ಓದುಕೂಟಗಳು ಅಲ್ಲಿ ನಡೆಯಬೇಕು, ಪ್ರಶಿಕ್ಷಣಾರ್ಥಿಗಳಾದ ನಾವು ಅದಕ್ಕೆ ಕೈಜೋಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಕೂಟದ ಸ್ವರೂಪವನ್ನು ಮೊದಲೇ ಯೋಚಿಸಬೇಕು.

ಓದುಕೂಟವೆಂದರೆ ಎಲ್ಲರೂ ಒಂದೇ ಪುಸ್ತಕವನ್ನು ಮನೆಯಲ್ಲಿ ಓದಿ ಬಂದು ಚರ್ಚಿಸುವುದು ಎಂಬ ಕಲ್ಪನೆಯಿದೆ. ಹಳ್ಳಿಯಲ್ಲಿ ಇದಕ್ಕೆ ಎರಡು ತೊಡಕುಗಳಿವೆ. ಸಣ್ಣ ಗ್ರಂಥಾಲಯದಲ್ಲಿ ಒಂದೇ ಪುಸ್ತಕದ ಹತ್ತು ಪ್ರತಿ ಸಿಗುವುದು ಕಷ್ಟ. ಎರಡನೆಯದು ಇನ್ನೂ ಮುಖ್ಯ. 2011ರ ಜನಗಣತಿಯಲ್ಲಿ ರಾಜ್ಯದ ಗ್ರಾಮೀಣ ಮಹಿಳೆಯರ ಸಾಕ್ಷರತೆ ಶೇ. 60ರ ಆಸುಪಾಸಿನಲ್ಲಿತ್ತು. ಓದಲು ಬಾರದ ತಾಯಿಯ ಕೈಗೆ ಹತ್ತು ಜನರೆದುರು ಪುಸ್ತಕ ಕೊಟ್ಟರೆ ಆಕೆ ಮುಂದಿನ ವಾರ ಬರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಪಕ್ಕದಲ್ಲಿ ಕುಳಿತ ಮಗು ತನ್ನ ತಾಯಿಯ ಬಗ್ಗೆ ನಾಚಿಕೊಳ್ಳುವುದನ್ನು ಕಲಿಯುತ್ತದೆ.

ಆದ್ದರಿಂದ ಕ್ರಮವನ್ನೇ ತಿರುಗಿಸೋಣ. ಮಗು ಗಟ್ಟಿಯಾಗಿ ಓದಲಿ, ಪಾಲಕರು ಕೇಳಲಿ, ಆಮೇಲೆ ತಮಗೆ ತಿಳಿದದ್ದನ್ನು ಹೇಳಲಿ. ಇದಕ್ಕೆ ಒಂದೇ ಪ್ರತಿ ಸಾಕು. ಬೀಜದ ಬಗ್ಗೆ ಒಂದು ಪುಟ್ಟ ಪುಸ್ತಕ ಓದಿದರೆನ್ನಿ. ಬಿತ್ತನೆಗಿಟ್ಟ ಅವರೆಗೆ ಬೂದಿ ಬೆರೆಸುವುದು ಏಕೆಂದು ಮಗುವಿಗೆ ಹೇಳಬಲ್ಲವರು ಅಜ್ಜಿ. ಬೂದಿ ತೇವ ಹೀರುತ್ತದೆ, ಕಾಳಿಗೆ ಹುಳು ಹತ್ತದಂತೆ ತಡೆಯುತ್ತದೆ ಎಂದು ವಿಜ್ಞಾನದ ಪ್ರಶಿಕ್ಷಣಾರ್ಥಿ ಆ ಮಾತನ್ನು ಮುಂದುವರಿಸಬಹುದು. ‘ಪೂರ್ವಜ್ಞಾನ’ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದು ಇಲ್ಲಿ ಅಜ್ಜಿಯ ಬಾಯಿಂದಲೇ ಬರುತ್ತದೆ. ಪದಗಳಿಲ್ಲದ ಚಿತ್ರಪುಸ್ತಕವಾದರೆ ತಾಯಿ, ಮಗು ಇಬ್ಬರೂ ಸಮಾನ ಓದುಗರು.

ಕೆಲವು ಎಚ್ಚರಿಕೆಗಳು ಅಗತ್ಯ. ಓದಿದ ಮೇಲೆ ‘ಕಥೆಯ ನೀತಿಯೇನು?’ ಎಂದು ಕೇಳುವ ನಮ್ಮ ಅಭ್ಯಾಸವನ್ನು ಹೊರಗೇ ಬಿಡಬೇಕು. ಮಗು ತಡವರಿಸಿದರೆ ತಾಯಿಯ ಎದುರು ತಿದ್ದಬಾರದು. ಹಾಜರಿಗೆ ಸಹಿ ಕೇಳಬಾರದು. ಹೆಸರುಗಳನ್ನು ನಾವೇ ಬರೆದುಕೊಳ್ಳೋಣ. ಬಹುಮಾನ, ಸ್ಪರ್ಧೆ ಬೇಡ. ಸಮಯವನ್ನು ಕೂಲಿಗೆ ಹೋಗುವವರ ಅನುಕೂಲ ನೋಡಿ ಗೊತ್ತುಮಾಡಬೇಕು. ಅದು ಭಾನುವಾರವಾದರೂ ಸರಿ, ಸಂಜೆಯಾದರೂ ಸರಿ.

‘ಓದಲು ಬಾರದವರು ಬಂದು ಮಗುವಿಗೆ ಏನು ಲಾಭ?’ ಎಂದು ಕೇಳುವವರಿದ್ದಾರೆ. ತಾನು ಓದುವುದನ್ನು ಮನೆಯ ಹಿರಿಯರು ಗಮನವಿಟ್ಟು ಕೇಳುತ್ತಾರೆ ಎಂಬುದು ಮಗುವಿಗೆ ಸಣ್ಣ ಪ್ರೋತ್ಸಾಹವಲ್ಲ. ಹೊಸ ಪದದ ಅರ್ಥ ಕೂಡ ಮಾತಿನಲ್ಲೇ ಬಲಿಯುತ್ತದೆ.

ಎರಡು ವರ್ಷದ ಬಿ.ಇಡ್.ನಲ್ಲಿ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ. ಆ ಅವಧಿಯಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಗ್ರಂಥಾಲಯದಲ್ಲಿ ಕೂರುವುದು ಹೊರೆಯಲ್ಲ. ಆದರೆ ವರದಿಗೆ ನಾಲ್ಕು ಫೋಟೊ ಅಂಟಿಸಿದಲ್ಲಿಗೆ ಕೆಲಸ ಮುಗಿಯಬಾರದು. ಮೊದಲ ದಿನದಿಂದಲೇ ಗ್ರಂಥಾಲಯದ ಮೇಲ್ವಿಚಾರಕರನ್ನೂ ಊರಿನ ಪ್ರೌಢಶಾಲಾ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರೆ, ನಾವು ಹೊರಟ ಮೇಲೂ ಕೂಟ ನಡೆಯುತ್ತದೆ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಇದನ್ನು ಒಂದು ಬೋಧನಾಭ್ಯಾಸ ಪಾಠದಷ್ಟೇ ಗಂಭೀರವಾಗಿ ವೀಕ್ಷಿಸಿ, ಅಂಕಕ್ಕೂ ಪರಿಗಣಿಸಬೇಕೆಂದು ಕೋರುತ್ತೇನೆ.