ತೊಗರಿ ಸಂಶೋಧಕನ ಹುದ್ದೆ ಮತ್ತು ದಾಲ್ ಮಿಲ್ಲಿನ ಲೆಕ್ಕ

ಕಲಬುರಗಿಯ ದಾಲ್ ಮಿಲ್ಲುಗಳಿಗೆ ಕಚ್ಚಾ ಮಾಲು ಎಲ್ಲಿಂದ ಬರುತ್ತದೆಂದು ಕೇಳಿದರೆ ಎ.ಪಿ.ಎಂ.ಸಿ. ಪ್ರಾಂಗಣದತ್ತ ಕೈ ತೋರಿಸುವುದು ವಾಡಿಕೆ. ಪ್ರಾಂಗಣದ ಹಿಂದೆ ಹೊಲವಿದೆ. ಹೊಲದ ಹಿಂದೆ ತಳಿ ರೂಪಿಸುವ ವಿಜ್ಞಾನಿಯೂ ಅದನ್ನು ರೈತನಿಗೆ ಮುಟ್ಟಿಸುವ ವಿಸ್ತರಣಾ ತಜ್ಞನೂ ಇದ್ದಾರೆ. ಈ ಇಬ್ಬರ ಉದ್ಯೋಗದ ಸ್ಥಿತಿಗತಿ ವರ್ತಕರ ಸಭೆಗಳಲ್ಲಿ ಚರ್ಚೆಗೆ ಬರುವುದು ಅಪರೂಪ.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2022ರಲ್ಲಿ ನೆಟೆ ರೋಗ ತಗುಲಿ ಬೆಳೆ ನಿಂತಲ್ಲೇ ಒಣಗಿತು. ಮರುವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮ್ಯಾನ್ಮಾರ್ ಅಥವಾ ಮೊಜಾಂಬಿಕ್‌ನ ಕಾಳನ್ನು ಒಡೆದರೂ ಬೇಳೆಯಾಗುತ್ತದೆ, ನಿಜ. ಆದರೆ ಅದರ ಚೀಲದ ಮೇಲೆ ಕಲಬುರಗಿಯ ಹೆಸರನ್ನು ಬರೆಯುವಂತಿಲ್ಲ.

ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಲು ಹೆಚ್ಚಿ ತೇವಾಂಶ ಕುಸಿದಾಗ ಒಣಬೇರು ಕೊಳೆಯೂ ಬಲಿಯುತ್ತದೆ. ಔಷಧಿ ಸಿಂಪಡಣೆಗೆ ಇವು ಸುಲಭವಾಗಿ ಬಗ್ಗುವಂಥವಲ್ಲ; ರೋಗನಿರೋಧಕ ತಳಿಯೇ ಮುಖ್ಯ ಆಸರೆ. ಸಂಕರಣದಿಂದ ಬಿಡುಗಡೆಯವರೆಗೆ ಒಂದು ತಳಿಗೆ ಸುಮಾರು 10 ವರ್ಷ ಹಿಡಿಯುತ್ತದೆ. ಈ ಭಾಗದಲ್ಲಿ ಬೇರೂರಿರುವ ಟಿ.ಎಸ್.-3ಆರ್, ಜಿ.ಆರ್.ಜಿ.-811 ತಳಿಗಳು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಅಂಥ ತಾಳ್ಮೆಯ ಫಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಹೂ ಉದುರುವುದನ್ನು ತಗ್ಗಿಸುತ್ತದೆ. ಮುಂಗಾರು ತಡವಾದರೂ ಸಸಿ ಸಿದ್ಧವಿರುವಂತೆ ಪಾಲಿಥೀನ್ ಚೀಲಗಳಲ್ಲಿ ಬೆಳೆಸಿ ನಾಟಿ ಮಾಡುವ ಪದ್ಧತಿಯನ್ನು ಬೀದರಿನ ಕೃಷಿ ವಿಜ್ಞಾನ ಕೇಂದ್ರ ಹಬ್ಬಿಸಿತು. ಕುಡಿ ಚಿವುಟುವ ಪುಟ್ಟ ಯಂತ್ರ ಬಂದದ್ದೂ ಇದೇ ಬಗೆಯ ಕೆಲಸದಿಂದ. ಸಣ್ಣ ವರ್ಕ್‌ಶಾಪುಗಳಿಗೆ ಅದೊಂದು ಒಳ್ಳೆಯ ಸರಕು.

ಹತ್ತು ವರ್ಷದ ಈ ಕೆಲಸಕ್ಕೆ ನೇಮಕವಾಗುವ ಯುವಕರಲ್ಲಿ ಅನೇಕರ ಆದೇಶ ಪತ್ರದಲ್ಲಿರುವುದು ಯೋಜನೆಯ ಅವಧಿ ಮಾತ್ರ. ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಕೃಷಿ ವಿಜ್ಞಾನ ಕೇಂದ್ರಕ್ಕೆ ನಿಗದಿಯಾದ ಸಿಬ್ಬಂದಿ 16 ಮಂದಿ, ಅವರಲ್ಲಿ ವಿಷಯ ತಜ್ಞರು ಆರು. ಜಿಲ್ಲೆಯೊಂದರ ಹಳ್ಳಿಗಳಿಗೆ ಆರೇ ಜನ! ಅವುಗಳಲ್ಲೂ ಖಾಲಿ ಹುದ್ದೆ ಉಳಿದರೆ ರೈತ ಬೀಜದ ಅಂಗಡಿಯವನ ಸಲಹೆಯನ್ನೇ ನಂಬಬೇಕಾಗುತ್ತದೆ. ಅಂಗಡಿಯವನು ತನ್ನಲ್ಲಿರುವುದನ್ನು ಮಾರುತ್ತಾನೆ. ಅದರಲ್ಲಿ ತಪ್ಪು ಹುಡುಕುವುದು ವರ್ತಕರಿಗಂತೂ ಶೋಭಿಸದು. ಇತ್ತ ಕೃಷಿ ಪದವೀಧರರು ಬ್ಯಾಂಕು, ಕೀಟನಾಶಕ ಕಂಪನಿ, ಸರ್ಕಾರಿ ಸ್ಪರ್ಧಾತ್ಮಕ ಪರೀಕ್ಷೆಗಳತ್ತ ಹೊರಳುತ್ತಿದ್ದಾರೆ. ಸ್ಥಿರತೆಯಿಲ್ಲದ ಕಡೆಗೆ ಅವರು ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇದು ಸರ್ಕಾರದ ಹೊಣೆ, ಮಾರುಕಟ್ಟೆ ಶುಲ್ಕ ಕಟ್ಟಿದ ಮೇಲೆ ಮಿಲ್ಲಿನವರ ಪಾಲೇನು ಎಂಬ ಆಕ್ಷೇಪವುಂಟು. ಹೊಣೆ ಸರ್ಕಾರದ್ದೇ, ಸಂದೇಹವಿಲ್ಲ. ಆದರೆ ನಷ್ಟ ಮಿಲ್ಲಿನದು. ಆಯವ್ಯಯ ಪೂರ್ವ ಮನವಿಗಳಲ್ಲಿ ವಿದ್ಯುತ್ ದರ, ತೆರಿಗೆಗಳ ಜೊತೆಗೆ ಸಂಶೋಧನಾ ಕೇಂದ್ರಗಳ ಖಾಲಿ ಹುದ್ದೆಗಳ ಭರ್ತಿಯೂ ಸೇರಬೇಕು. ಅಂತಿಮ ವರ್ಷದ ಕೃಷಿ ವಿದ್ಯಾರ್ಥಿಗಳು ಹೇಗೂ ಗ್ರಾಮ ವಾಸ್ತವ್ಯಕ್ಕೆ ಬರುತ್ತಾರೆ; ಅವರನ್ನು ಒಂದು ವಾರ ಮಿಲ್ಲಿಗೂ ಕರೆಯಬಹುದು. ಯಾವ ತಳಿಯ ಕಾಳು ಒಡೆಯುವಾಗ ಎಷ್ಟು ನುಚ್ಚಾಗುತ್ತದೆ ಎಂಬ ಲೆಕ್ಕ ಮಾಲೀಕರ ಬಳಿ ಇದೆ. ತಳಿ ತಜ್ಞರಿಗೆ ಅದು ಬೇಕು. ಮಿಲ್ಲು ಮಾಲೀಕರ ಸಂಘಗಳು ಕೂಡಿ ಒಂದಿಬ್ಬರು ಸಂಶೋಧಕರಿಗೆ ಐದು ವರ್ಷಗಳ ವೇತನ ಒದಗಿಸುವುದೂ ಅಸಾಧ್ಯವೇನಲ್ಲ. ಮುಂದಿನ ಬಿತ್ತನೆಗೆ ಮುನ್ನ ವಿಶ್ವವಿದ್ಯಾಲಯದೊಡನೆ ಆ ಮಾತುಕತೆ ಆರಂಭವಾಗಬಹುದು.