ತಲೆಪೆಟ್ಟಿನ ನಂತರ ತರಗತಿಗೆ ಮರಳುವ ದಾರಿ

ತಲೆಗೆ ಪೆಟ್ಟು ಬಿದ್ದವರ ಸ್ಥಿತಿಯನ್ನು ಆಸ್ಪತ್ರೆಗಳು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೊ ಕೋಮಾ ಮಾಪಕದಿಂದ ಅಳೆಯುತ್ತವೆ. 13ರಿಂದ 15 ಅಂಕ ಬಂದರೆ ಗಾಯ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕೂ ಕಡಿಮೆಯಾದರೆ ತೀವ್ರ. ಜೀವ ಉಳಿಸುವ ಹೊತ್ತಿನಲ್ಲಿ ಇದು ಬಹಳ ಉಪಯುಕ್ತ. ಆದರೆ ಆರು ತಿಂಗಳ ನಂತರ ಅದೇ ವಿದ್ಯಾರ್ಥಿ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಸುಮ್ಮನೆ ಕೂರುವುದೇಕೆ ಎಂಬುದು ಈ ಅಂಕದಿಂದ ತಿಳಿಯುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ಪ್ರಶ್ನೆ ದೂರದ್ದಲ್ಲ. ಬೆಂಗಳೂರು–ಹೈದರಾಬಾದ್ ಹೆದ್ದಾರಿ 44 ಜಿಲ್ಲಾ ಕೇಂದ್ರವನ್ನು ಹಾದುಹೋಗುತ್ತದೆ. 2023ರ ಅಕ್ಟೋಬರ್ 26ರ ಮುಂಜಾನೆ ಮಂಜಿನಲ್ಲಿ, ರಸ್ತೆ ಬದಿ ನಿಂತಿದ್ದ ಟ್ಯಾಂಕರಿಗೆ ವಾಹನವೊಂದು ಗುದ್ದಿ 13 ಜನ ಸತ್ತದ್ದು ಇದೇ ಹೆದ್ದಾರಿಯಲ್ಲಿ. ಇಂಥ ಅಪಘಾತಗಳಲ್ಲಿ ಸತ್ತವರ ಸಂಖ್ಯೆ ಪತ್ರಿಕೆಗೆ ಬರುತ್ತದೆ; ಬದುಕಿ ಮನೆಗೆ ಮರಳಿದ ಮಕ್ಕಳ ಓದು ಏನಾಯಿತು ಎಂದು ಯಾರೂ ಬರೆಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ದ್ವಿಚಕ್ರ ವಾಹನದಲ್ಲಿ ಹೋಗುವಾಗ ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ. ಹಾಗಿದ್ದರೂ ಅಪ್ಪನ ಬೈಕಿನ ಹಿಂದೆ ಕೂತು ಶಾಲೆಗೆ ಹೋಗುವ ಮಗುವಿನ ತಲೆ ಸಾಮಾನ್ಯವಾಗಿ ಬರಿದಾಗಿಯೇ ಇರುತ್ತದೆ.

ಅಪಘಾತದಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮಿದುಳಿನ ಮುಂಭಾಗ ಮತ್ತು ಕಣತಲೆಯ ಬದಿಯ ಭಾಗಗಳು. ಗಮನ, ನೆನಪು, ಯೋಜನೆ, ಸಿಟ್ಟಿನ ಮೇಲಿನ ಹಿಡಿತ ಇವೆಲ್ಲ ಈ ಭಾಗಗಳನ್ನೇ ನೆಚ್ಚಿಕೊಂಡಿವೆ. ಹೊಲಿಗೆ ಮಾಗಿ, ಕೂದಲು ಬೆಳೆದ ಮೇಲೆ ಹುಡುಗಿ ಮೊದಲಿನಂತೆಯೇ ಕಾಣುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅವಳ ತಲೆ ಭಾರವಾಗುತ್ತದೆ, ಬೆಳಿಗ್ಗೆ ಕೇಳಿದ ಪಾಠ ಸಂಜೆಗೆ ಉಳಿಯುವುದಿಲ್ಲ, ಸಣ್ಣ ಮಾತಿಗೂ ರೇಗುತ್ತಾಳೆ. ಇದಕ್ಕೆ ಸೋಮಾರಿತನ, ಕೊಬ್ಬು ಎಂಬ ಹೆಸರು ಬೀಳುವುದು ದೊಡ್ಡ ಅನ್ಯಾಯ. ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಆದ್ದರಿಂದ ಮೂರನೇ ತರಗತಿಯಲ್ಲಿ ಬಿದ್ದ ಪೆಟ್ಟಿನ ಪರಿಣಾಮ, ಓದು ಕಠಿಣವಾಗುವ ಎಂಟನೇ ತರಗತಿಯಲ್ಲಿ ಹೊರಬೀಳಬಹುದು. ಅಷ್ಟರಲ್ಲಿ ಆ ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ.

ನಿಜವಾದ ಕೊರತೆ ಇರುವುದು ಆಸ್ಪತ್ರೆ ಮತ್ತು ಶಾಲೆಯ ನಡುವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಗಂಭೀರ ಗಾಯಾಳುಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಒಯ್ಯುವುದು ವಾಡಿಕೆ. ಅಲ್ಲಿ ನರ ಪುನಶ್ಚೇತನ ವಿಭಾಗವಿದೆ. ನೆನಪು, ಗಮನಗಳ ಮರುತರಬೇತಿಯೂ ಸಿಗುತ್ತದೆ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಇರುವುದು ಸ್ಕ್ಯಾನಿನ ವಿವರ ಮತ್ತು ಮಾತ್ರೆಗಳ ಹೆಸರು. ಮುಖ್ಯ ಶಿಕ್ಷಕರಿಗೆ ಅದರಿಂದ ಏನು ತಿಳಿದೀತು? ಮೊದಲ ವಾರಗಳಲ್ಲಿ ಅರ್ಧ ದಿನದ ತರಗತಿ, ನಡುವೆ ವಿಶ್ರಾಂತಿ, ಕಡಿಮೆ ಹೋಂವರ್ಕ್, ಆಟದ ಮೈದಾನಕ್ಕೆ ಯಾವಾಗ ಮರಳಬಹುದು, ಫಿಟ್ಸ್ ಬಂದರೆ ಏನು ಮಾಡಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಬರೆದ ಒಂದು ಪುಟ ಆ ಚೀಟಿಯ ಜೊತೆ ಬರಬೇಕು.

ಅದನ್ನು ಜಾರಿಗೆ ತರಬಲ್ಲ ಜನ ಜಿಲ್ಲೆಯಲ್ಲೇ ಇದ್ದಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವನ್ನು ನಿಮ್ಹಾನ್ಸ್ ನೆರವಿನೊಂದಿಗೆ ಮೊದಲು ಪ್ರಯೋಗಿಸಿದ ಕಡೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಯೂ ಒಂದು. ಈ ಉಪಕ್ರಮದ ಗಮನ ಮುಖ್ಯವಾಗಿ ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಮರೆಗುಳಿತನಗಳ ಮೇಲೆ. ತಲೆಪೆಟ್ಟಿನ ವಿದ್ಯಾರ್ಥಿಗಳ ಮರುತಪಾಸಣೆಗೂ ಅದೇ ಆಸ್ಪತ್ರೆ ನೆಲೆಯಾದರೆ, ಕೂಲಿ ಬಿಟ್ಟು ಬೆಂಗಳೂರಿಗೆ ಅಲೆಯುವುದು ಎಷ್ಟೋ ಪೋಷಕರಿಗೆ ತಪ್ಪುತ್ತದೆ.

ಕಾನೂನಿನ ಸ್ಥಿತಿ ಅರೆಬರೆ. ಅಮೆರಿಕವು 1990ರಲ್ಲೇ ತನ್ನ ವಿಶೇಷ ಶಿಕ್ಷಣ ಕಾಯ್ದೆಯಲ್ಲಿ ಮಿದುಳಿನ ಗಾಯಕ್ಕೆ ಪ್ರತ್ಯೇಕ ವರ್ಗ ಕೊಟ್ಟಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದರ ಹೆಸರಿಲ್ಲ. ಕೈಕಾಲಿನ ದೌರ್ಬಲ್ಯ, ಮಾತಿನ ತೊಂದರೆಯಂತಹ ಉಳಿಕೆಗಳ ಮೂಲಕವೇ ಅಂಗವೈಕಲ್ಯದ ಪ್ರಮಾಣಪತ್ರ ಪಡೆಯಬೇಕು. ಬುದ್ಧಿಮತ್ತೆಯ ಅಂಕ ಚೆನ್ನಾಗಿದ್ದು ನೆನಪು ಮಾತ್ರ ಕೈಕೊಟ್ಟವರು ಬರಿಗೈಲಿ ಹಿಂದಿರುಗುವುದು ಇಲ್ಲೇ. ಆದರೂ ಪ್ರಮಾಣಪತ್ರ ಸಿಕ್ಕವರಿಗೆ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಗಳಿಂದ ವಿನಾಯಿತಿಯನ್ನು ಹೇಳುತ್ತದೆ. ಬರೆಯುವ ಸಹಾಯಕರನ್ನು ಶೇ 40ರ ಅಂಗವೈಕಲ್ಯ ಇದ್ದವರಿಗಷ್ಟೇ ಸೀಮಿತಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಮನೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್, ಹಿಂದಿ ಕಲಿಯುವ ಈ ಗಡಿ ಸೀಮೆಯ ಮಕ್ಕಳಿಗೆ ಭಾಷಾ ವಿನಾಯಿತಿ ಸಣ್ಣ ಸೌಲಭ್ಯವಲ್ಲ.

ಎಸ್ಸೆಸ್ಸೆಲ್ಸಿ ನಂತರದ ದಾರಿಯನ್ನು ಒಂಬತ್ತನೇ ತರಗತಿಯಲ್ಲೇ ಯೋಚಿಸಬೇಕು. ಓದು ಬಿಟ್ಟವರಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಘಟಕಗಳು, ಚಿಂತಾಮಣಿಯಲ್ಲಿ ಮಾರುಕಟ್ಟೆಯ ಹಮಾಲಿ ಸುಲಭವಾಗಿ ಸಿಗುವ ಕೆಲಸ. ಪೆಟ್ಟಿನ ನಂತರ ಫಿಟ್ಸ್ ಬರುವವರಿಗೆ ಕುದಿನೀರು, ತಿರುಗುವ ಯಂತ್ರ, ವಾಹನ ಚಾಲನೆ ಮೂರೂ ಅಪಾಯ. ಐಟಿಐ ಟ್ರೇಡ್ ಆರಿಸುವಾಗಲೂ ಇದನ್ನು ನೋಡಬೇಕು. ಎಲ್ಲ ವಿಷಯಗಳನ್ನು ಒಟ್ಟಿಗೆ ಬರೆಯಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂದೊಂದಾಗಿ ಪಾಸು ಮಾಡಿಕೊಳ್ಳುವ ಅವಕಾಶವಿದೆ.