ಟಿಕೆಟ್ ಕೊಳ್ಳುವ ಮುನ್ನ

ಬೇಸಿಗೆಯ ರಜೆ ಸಮೀಪಿಸಿದಂತೆ ನಮ್ಮ ಕಡೆಯ ಊರುಗಳಲ್ಲಿಯೂ ಈಗ ವಿದೇಶ ಪ್ರವಾಸದ ಮಾತು ಕೇಳಿಬರುತ್ತದೆ. ಹುಣಸೂರಿನ ಪರಿಚಿತ ಶ್ರಾವಕರೊಬ್ಬರ ಮನೆಯಲ್ಲಿ ಸಿಂಗಪುರದ ಪ್ರವಾಸ ಸಿದ್ಧವಾಗುತ್ತಿತ್ತು. ಐದು ದಿನಗಳಲ್ಲಿ ಒಂದು ದಿನ ಥೀಮ್ ಪಾರ್ಕಿಗೆ, ಮತ್ತರ್ಧ ದಿನ ಡಾಲ್ಫಿನ್ ನೋಡುವುದಕ್ಕೆ. ಮೊಮ್ಮಗನು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಾಗ ಅಜ್ಜಿ, "ಈ ಮೀನನ್ನು ಅಲ್ಲಿಗೆ ತಂದವರು ಯಾರಪ್ಪ?" ಎಂದರು. "ಅಜ್ಜಿ, ಅದು ಮೀನಲ್ಲ" ಎಂದ ಹುಡುಗ. "ಏನಾದರಾಗಲಿ ಮಗ, ಅದರ ತಾಯಿ ಎಲ್ಲಿದೆ?" ಎಂಬ ಅಜ್ಜಿಯ ಮರುಪ್ರಶ್ನೆಗೆ ಮನೆಯಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. "ಪ್ಯಾಕೇಜಿನಲ್ಲೇ ಸೇರಿದೆ, ದುಡ್ಡು ಕಟ್ಟಿಯಾಗಿದೆ" ಎಂದಷ್ಟೇ ಮಗ ಹೇಳಿದರು. ಹೋಗಬಹುದೇ, ಬಾರದೇ ಎಂದು ಆಮೇಲೆ ನನ್ನನ್ನು ಕೇಳಿದರು.

ವಿನೋದವೇ ಪಾಪವೆಂದು ಜಿನಧರ್ಮ ಗೃಹಸ್ಥನಿಗೆ ಹೇಳುವುದಿಲ್ಲ. ಮುನಿಗೆ ಮಹಾವ್ರತ, ಶ್ರಾವಕನಿಗೆ ಅಣುವ್ರತ. ಅಣುವ್ರತದ ಜೀವಾಳವೇ ಪರಿಮಾಣ, ಅಂದರೆ ತನಗೆ ತಾನೇ ಹಾಕಿಕೊಳ್ಳುವ ಮಿತಿ. ಎಷ್ಟು ದೂರ ಹೋಗಬೇಕೆಂಬುದಕ್ಕೆ ದಿಗ್ವ್ರತವಿದೆ. ಎಷ್ಟು ಅನುಭವಿಸಬೇಕೆಂಬುದಕ್ಕೆ ಭೋಗೋಪಭೋಗ ಪರಿಮಾಣವಿದೆ. ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರಲು ಅನರ್ಥದಂಡವಿರತಿಯಿದೆ. ಈ ವ್ರತಗಳನ್ನು ಪ್ರತಿಯೊಬ್ಬರೂ ತಾವಾಗಿ ಸ್ವೀಕರಿಸಬೇಕು. ಮಕ್ಕಳ ಪ್ರವಾಸವನ್ನೇ ನಿಲ್ಲಿಸಿ ಹಿರಿಯರು ಪುಣ್ಯ ಗಳಿಸಲಾಗದು. ಯಂತ್ರದ ಉಯ್ಯಾಲೆಯಲ್ಲಿ ಮಗು ಕಿರುಚಿ ನಕ್ಕರೆ ಅದರಿಂದ ಯಾವ ಜೀವಿಯನ್ನೂ ಸೆರೆಯಲ್ಲಿಟ್ಟಂತಾಗುವುದಿಲ್ಲ. ಆದ್ದರಿಂದ ಥೀಮ್ ಪಾರ್ಕಿಗೆ ಹೋಗಬಹುದು ಎಂದೇ ನನ್ನ ಅಭಿಪ್ರಾಯ. ಡಾಲ್ಫಿನ್ನಿನ ಮಾತು ಬೇರೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಆಹಾರ ನೀರನ್ನು ತಡೆಯುವುದು. ಕೊಲ್ಲದಿದ್ದರೂ ವ್ರತ ಹೇಗೆ ಕೆಡುತ್ತದೆ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ. ಮೊದಲು ನಿಂತಿರುವುದೇ ಬಂಧ. ಕಡಲಿನಲ್ಲಿ ದಿನಕ್ಕೆ ಹತ್ತಾರು ಕಿಲೋಮೀಟರ್ ಈಜುವ ಜೀವಿಯನ್ನು ಕೊಳದಲ್ಲಿಟ್ಟು, ಆಡಿದ ಆಟಕ್ಕೊಂದು ಮೀನನ್ನು ಕೂಲಿಯಾಗಿ ಕೊಡುವುದು ಈ ಪಟ್ಟಿಯಿಂದ ಎಷ್ಟು ದೂರವಿದೆ? ಐದು ಇಂದ್ರಿಯಗಳೊಂದಿಗೆ ಮನಸ್ಸೂ ಇರುವ ಜೀವಿಯನ್ನು ನಮ್ಮ ಶಾಸ್ತ್ರವು ಸಂಜ್ಞಿ ಪಂಚೇಂದ್ರಿಯವೆನ್ನುತ್ತದೆ. ಅಂಥ ಜೀವಿಗೆ ಸೆರೆಯ ನೋವು ತಿಳಿಯುತ್ತದೆ.

"ನಾವು ಕಟ್ಟಿಹಾಕಿಲ್ಲ, ನೋಡುತ್ತೇವೆ ಅಷ್ಟೆ" ಎನ್ನುವವರಿಗೂ ಶಾಸ್ತ್ರದಲ್ಲಿ ಉತ್ತರವಿದೆ. ಕರ್ಮವು ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದ ಬರುತ್ತದೆ: ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಇಲ್ಲಿ ನಾವು ಕೊಳ್ಳುವ ಟಿಕೆಟ್ಟು ಕಾರಿತ, ತಟ್ಟುವ ಚಪ್ಪಾಳೆ ಅನುಮೋದನೆ.

ಈ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. ಚೆಂಗಾಳ್ವರ ಕಾಲದ ಕವಿ ಮೂರನೆಯ ಮಂಗರಸನು ಕಲ್ಲಹಳ್ಳಿಯವನು. ನೇಮಿನಾಥ ತೀರ್ಥಂಕರರ ಚರಿತೆಯನ್ನು 'ನೇಮಿಜಿನೇಶ ಸಂಗತಿ'ಯಾಗಿ ಬರೆದವನು. ಮದುವೆಯ ದಿಬ್ಬಣದಲ್ಲಿ ಹೊರಟಿದ್ದ ನೇಮಿಕುಮಾರನ ಕಿವಿಗೆ ದೊಡ್ಡಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಬಿತ್ತು. ಕಟ್ಟಿದವನು ಅವನಲ್ಲ. ಆದರೂ ಕಾರಣವನ್ನು ವಿಚಾರಿಸಿದ; ತನ್ನ ಮದುವೆಯ ಸಂಭ್ರಮಕ್ಕಾಗಿಯೇ ಎಂದು ತಿಳಿದೊಡನೆ ರಥವನ್ನು ಹಿಂದಿರುಗಿಸಿ ವಿರಕ್ತನಾದ. ಎಲ್ಲ ಸಿದ್ಧತೆ ಮುಗಿದಿತ್ತು, ರಾಜೀಮತಿ ಕಾದಿದ್ದಳು. ಆಗಲೂ ಹಿಂದಿರುಗಲು ಸಾಧ್ಯವಾಯಿತು. ಹಾಗಿರುವಾಗ ನಮಗೆ "ದುಡ್ಡು ಕಟ್ಟಿಯಾಗಿದೆ" ಎಂಬುದು ದೊಡ್ಡ ಅಡ್ಡಿಯೇ?

ಇನ್ನೊಂದು ಉದಾಹರಣೆ ಹೆಗ್ಗಡದೇವನಕೋಟೆಯ ಕಡೆಯದು. ಕಾಕನಕೋಟೆಯ ಕಾಡಿನಲ್ಲಿ ಆನೆಗಳ ಹಿಂಡನ್ನು ಅಟ್ಟಿ ತಂದು ಹಿಡಿಯುವ ಖೆಡ್ಡಾ ಒಂದು ಕಾಲಕ್ಕೆ ಜಗತ್ಪ್ರಸಿದ್ಧ ನೋಟವಾಗಿತ್ತು. ಮೈಸೂರು ಅರಸರ ಗಣ್ಯ ಅತಿಥಿಗಳು ಅದನ್ನು ನೋಡಲು ಬರುತ್ತಿದ್ದರು. 1971ರಲ್ಲಿ ನಡೆದದ್ದೇ ಕೊನೆಯ ಖೆಡ್ಡಾ. ಅಲ್ಲಿಗೆ ಆನೆ ನೋಡುವ ಸಂತೋಷವೇನೂ ಮುಗಿಯಲಿಲ್ಲ. ಇಂದು ಕಬಿನಿಯ ಹಿನ್ನೀರಿನ ದಂಡೆಗೆ ಆನೆಗಳು ತಾವಾಗಿ ಬರುತ್ತವೆ, ಜನ ದೂರದಿಂದ ನೋಡಿ ತೃಪ್ತರಾಗುತ್ತಾರೆ. ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅವಕಾಶ ಕೊಡಬಾರದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವೂ 2013ರಲ್ಲಿ ರಾಜ್ಯಗಳಿಗೆ ತಿಳಿಸಿತು. ನಮ್ಮ ದೇಶದಲ್ಲಿ ಸಲ್ಲದೆಂದು ಬಿಟ್ಟದ್ದನ್ನು ವಿಮಾನವೇರಿ ಹೋಗಿ ನೋಡುವುದು ಯಾವ ನ್ಯಾಯ?

ಒಬ್ಬರು ಹೋಗದಿದ್ದರೆ ಡಾಲ್ಫಿನ್ ಕಡಲಿಗೆ ಮರಳೀತೇ ಎಂದು ಕೇಳಬಹುದು. ಮರಳದು. ಆ ಆಸನ ಬೇರೊಬ್ಬರಿಂದ ತುಂಬುತ್ತದೆ. ಆದರೆ ವ್ರತವು ಲೋಕವನ್ನು ಒಂದೇ ದಿನದಲ್ಲಿ ತಿದ್ದುವ ಉಪಾಯವಲ್ಲ. ಅದು ತನ್ನ ಆತ್ಮದತ್ತ ಹರಿದುಬರುವ ಆಸ್ರವಕ್ಕೆ ಹಾಕುವ ತಡೆ. ಲೋಕ ಬದಲಾದದ್ದಾದರೂ ಇಂಥ ತಡೆಗಳನ್ನು ಹಲವರು ಹಾಕಿಕೊಂಡಾಗಲೇ.

ಹಾಗಾದರೆ ಮಾಡಬೇಕಾದದ್ದೇನು? ಹಣ ಕಟ್ಟುವ ಮುನ್ನವೇ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಈ ಸಂತೋಷಕ್ಕಾಗಿ ಯಾವುದಾದರೂ ಜೀವಿ ಸೆರೆಯಲ್ಲಿದೆಯೇ? ಇಷ್ಟು ಸಾಕು ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೇವೆ? ಮಕ್ಕಳನ್ನು ಈ ಮಾತುಕತೆಯಿಂದ ಹೊರಗಿಡಬಾರದು. ಕಾರಣ ತಿಳಿದು ಬಿಟ್ಟ ಆಸೆ ಸಂಸ್ಕಾರವಾಗುತ್ತದೆ. ಗದರಿಸಿ ಬಿಡಿಸಿದ ಆಸೆ ಒಳಗೇ ಹೊಗೆಯಾಡುತ್ತದೆ.

ಆ ಕುಟುಂಬ ಥೀಮ್ ಪಾರ್ಕನ್ನು ಉಳಿಸಿಕೊಂಡು ಡಾಲ್ಫಿನ್ ಆಟವನ್ನು ಕೈಬಿಟ್ಟಿತು. ಕಟ್ಟಿದ ಹಣ ಹಿಂದಿರುಗಲಿಲ್ಲ. ಹುಡುಗ ಎರಡು ದಿನ ಮುನಿಸಿಕೊಂಡಿದ್ದ. ಹೊರಡುವ ಮುನ್ನಿನ ಭಾನುವಾರ ಅಜ್ಜಿ ಅವನನ್ನು ಗೊಮ್ಮಟಗಿರಿಗೆ ಕರೆದೊಯ್ದರು. ಬಾಹುಬಲಿಸ್ವಾಮಿ ತಪಸ್ಸಿಗೆ ನಿಂತಾಗ ಬಳ್ಳಿಗಳು ಮೈಗೆ ಹಬ್ಬಿದ್ದನ್ನೂ, ಹಾವುಗಳು ಪಾದದ ಬಳಿ ನೆಲೆಸಿದ್ದನ್ನೂ ಹೇಳಿದರಂತೆ. "ಅವನ್ನೂ ಯಾರಾದರೂ ಹಿಡಿದು ತಂದಿದ್ದರಾ ಅಜ್ಜಿ?" ಎಂದು ಹುಡುಗ ಕೇಳಿದ. "ಇಲ್ಲ ಮಗ, ಸ್ವಾಮಿ ಯಾರನ್ನೂ ಕಟ್ಟಲಿಲ್ಲ. ಅದಕ್ಕೇ ಅವು ತಾವಾಗಿ ಬಂದವು" ಎಂದರು ಅಜ್ಜಿ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅಭಯವೂ ಒಂದು. ಆ ಮನೆಯವರು ಕಳೆದುಕೊಂಡ ಹಣವನ್ನು ಅದರ ಲೆಕ್ಕದಲ್ಲಿ ಬರೆದುಕೊಳ್ಳಲಿ.